ಲಾರಿಯನ್ನೇ ಗುದ್ದಿಸಿ ನೋಡಬೇಕು

ಪಿಎಂ ಇ-ಡ್ರೈವ್ ಯೋಜನೆಯಡಿ ವಿದ್ಯುತ್ ಲಾರಿ ಕೊಳ್ಳುವವರಿಗೆ ಸಹಾಯಧನ ಕೊಡುವ ಕ್ರಮಕ್ಕೆ ಕೇಂದ್ರದ ಬೃಹತ್ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು 2025ರ ಜುಲೈನಲ್ಲಿ ಚಾಲನೆ ನೀಡಿದರು. ಇದಕ್ಕಾಗಿ ಮೀಸಲಾದ ಹಣ 500 ಕೋಟಿ ರೂಪಾಯಿ. ಸುಮಾರು 5,600 ಲಾರಿಗಳಿಗೆ, ಒಂದಕ್ಕೆ ಗರಿಷ್ಠ 9.6 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ಹಣ ಬೇಕೆಂದರೆ ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ತೋರಿಸಬೇಕು. ತಯಾರಕರು ಬ್ಯಾಟರಿಗೆ 5 ವರ್ಷ ಅಥವಾ 5 ಲಕ್ಷ ಕಿಲೋಮೀಟರ್ ವಾರಂಟಿ ಕೊಡಬೇಕು. ಷರತ್ತುಗಳು ಒಳ್ಳೆಯವೇ. ಆದರೆ ಬ್ಯಾಟರಿ ಹೊತ್ತ ಇಡೀ ಲಾರಿಯನ್ನು ಒಮ್ಮೆ ಡಿಕ್ಕಿ ಹೊಡೆಸಿ ಪರೀಕ್ಷಿಸಿರಬೇಕು ಎಂಬ ಷರತ್ತು ಅಲ್ಲಿಲ್ಲ. ಅದೂ ಸೇರಬೇಕು ಎಂಬುದು ನನ್ನ ವಾದ.

ಬೆಂಗಳೂರಿನ ಉತ್ತರ ಭಾಗದಲ್ಲಿ ಬದುಕುವ ಯಾರಿಗೂ ಡೀಸೆಲ್ ಲಾರಿಯ ಪರ ಮಾತಾಡುವ ಮನಸ್ಸು ಬರಲಾರದು. ತುಮಕೂರು ರಸ್ತೆಯಲ್ಲಿ ಬರುವ ಸರಕು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಕವಲೊಡೆಯುತ್ತದೆ. ಒಂದು ಪಾಲು ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಹೋಗುತ್ತದೆ. ಇನ್ನೊಂದು ಪಾಲು ಹೊರವರ್ತುಲ ರಸ್ತೆ ಹಿಡಿದು ಬಿಇಎಲ್ ವೃತ್ತ ದಾಟಿ ಹೆಬ್ಬಾಳಕ್ಕೆ, ಅಲ್ಲಿಂದ ಬಳ್ಳಾರಿ ರಸ್ತೆಗೆ ಸೇರುತ್ತದೆ. ಆ ಸಿಗ್ನಲ್‌ನಲ್ಲಿ ಬಸ್ಸಿಗೆ ಕಾಯುವವರ ಮೂಗಿಗೆ ಲಾರಿ ಹೊಗೆಯ ವಿಷಯದಲ್ಲಿ ಯಾವ ಅಂಕಿಅಂಶವೂ ಬೇಕಿಲ್ಲ. ಯಲಹಂಕದ ಬಿಎಂಟಿಸಿ ಡಿಪೊದಿಂದ ವಿದ್ಯುತ್ ಬಸ್ಸುಗಳು ಸದ್ದುಗದ್ದಲವಿಲ್ಲದೆ ಹೊರಡುತ್ತಿವೆ. ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಹಸಿರು ಫಲಕದ ಮೇಲೆ ಹಳದಿ ಅಕ್ಷರ ಬರೆದ ಪುಟ್ಟ ಸರಕು ಗಾಡಿಗಳು ಅಂಗಡಿ ಅಂಗಡಿಗೆ ಮಾಲು ಇಳಿಸುತ್ತವೆ. ಇನ್ನು ಬರಬೇಕಾದದ್ದು ಭಾರಿ ಲಾರಿ. ಅದು ಬೇಗ ಬರಲಿ ಎಂದೇ ನಾನೂ ಬಯಸುತ್ತೇನೆ. ಹಾಗೆ ಬಯಸುವುದರಿಂದಲೇ ಈ ಪ್ರಶ್ನೆಯನ್ನು ಈಗಲೇ ಎತ್ತಬೇಕಾಗಿದೆ: ಅದಕ್ಕೆ ಗುದ್ದು ಬಿದ್ದ ದಿನ ಏನಾಗುತ್ತದೆ?

ಸದ್ಯ ನಮ್ಮಲ್ಲಿರುವ ಪರೀಕ್ಷೆಗಳನ್ನು ನೋಡೋಣ. ಕಾರುಗಳಿಗೆ ಭಾರತ್ ಎನ್‌ಕ್ಯಾಪ್ ಇದೆ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಇದರಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂದಿನಿಂದ ಗುದ್ದಿಸುತ್ತಾರೆ. ಪಕ್ಕಕ್ಕೆ 50 ಕಿಲೋಮೀಟರ್ ವೇಗದಲ್ಲಿ ಟ್ರಾಲಿಯೊಂದನ್ನು ನುಗ್ಗಿಸುತ್ತಾರೆ. ಬಂದ ಫಲಿತಾಂಶವನ್ನು ನಕ್ಷತ್ರಗಳಲ್ಲಿ ಪ್ರಕಟಿಸುತ್ತಾರೆ. ಇದು ಮೂರೂವರೆ ಟನ್ ಒಳಗಿನ ಪ್ರಯಾಣಿಕ ವಾಹನಗಳಿಗೆ ಮಾತ್ರ. ಲಾರಿಗೆ ಸಿಗುವುದು ಎರಡು ಬಿಡಿಬಿಡಿ ಪರೀಕ್ಷೆ. ಒಂದು ಎಐಎಸ್ 029, ಅಂದರೆ ಕ್ಯಾಬಿನ್ ಪರೀಕ್ಷೆ. ಇದಕ್ಕೆ ಮೂಲವಾದ ಯುರೋಪಿನ ನಿಯಮದಲ್ಲಿ ಸುಮಾರು ಒಂದೂವರೆ ಟನ್ ತೂಕದ ಉಕ್ಕಿನ ಲೋಲಕವನ್ನು ಕ್ಯಾಬಿನ್ ಮುಖಕ್ಕೆ ಬೀಸಿ ಹೊಡೆಸುತ್ತಾರೆ. ಆಮೇಲೆ ಡ್ರೈವರ್ ಬದುಕುಳಿಯುವಷ್ಟು ಜಾಗ ಒಳಗೆ ಉಳಿದಿದೆಯೇ ಎಂದು ಅಳೆಯುತ್ತಾರೆ. ಎರಡನೆಯದು ಎಐಎಸ್ 038, ಬ್ಯಾಟರಿಯ ಪರೀಕ್ಷೆ. ಕಂಪನ, ಶಾಖದ ಏರಿಳಿತ, ಶಾರ್ಟ್ ಸರ್ಕ್ಯೂಟ್, ಅತಿ ಚಾರ್ಜಿಂಗ್, ಬೆಂಕಿಯ ಮೇಲೆ ಹಿಡಿಯುವುದು ಎಲ್ಲವೂ ಇದರಲ್ಲಿ ಬರುತ್ತವೆ.

ಬ್ಯಾಟರಿ ನಿಯಮಗಳು ಬಿಗಿಯಾದದ್ದಕ್ಕೆ ಕಾರಣ 2022ರ ಬೇಸಿಗೆ. ಆ ಮಾರ್ಚ್‌ನಲ್ಲಿ ಪುಣೆಯಲ್ಲಿ ವಿದ್ಯುತ್ ಸ್ಕೂಟರ್ ಹೊತ್ತಿ ಉರಿಯಿತು. ವೆಲ್ಲೂರಿನಲ್ಲಿ ಇಂಥದ್ದೇ ಬೆಂಕಿಯಿಂದ ತಂದೆ ಮಗಳು ಸತ್ತರು. ಸರ್ಕಾರ ಹೈದರಾಬಾದಿನ ಎಆರ್‌ಸಿಐ ಸಂಶೋಧನಾ ಕೇಂದ್ರದ ನಿರ್ದೇಶಕ ಟಾಟಾ ನರಸಿಂಗ ರಾವ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಲ್. ಉಮಾನಂದ್ ಅವರೂ ಅದರಲ್ಲಿದ್ದರು. ತಿದ್ದಿದ ನಿಯಮಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಲ್ಲಿ ಎರಡು ಹಂತವಾಗಿ ಜಾರಿಗೆ ಬಂದವು. ಸಮಿತಿ ಮಾಡಿದ ಕೆಲಸ ದೊಡ್ಡದು. ಆದರೆ ಅದು ಹುಟ್ಟಿದ್ದು ಸ್ಕೂಟರುಗಳ ಬೆಂಕಿಯಿಂದ. ನಿಲ್ಲಿಸಿದಲ್ಲೇ, ಚಾರ್ಜಿಗೆ ಹಾಕಿದಲ್ಲೇ ಹೊತ್ತಿಕೊಂಡ ಬ್ಯಾಟರಿಗಳು ಅದರ ಕಣ್ಣ ಮುಂದಿದ್ದವು. ಹೆದ್ದಾರಿಯಲ್ಲಿ ಜಜ್ಜಿಹೋಗುವ ಬ್ಯಾಟರಿಯ ಕಥೆ ಬೇರೆ.

ಎಐಎಸ್ 038 ರೂಪುಗೊಂಡದ್ದು ವಿಶ್ವಸಂಸ್ಥೆಯ ಆರ್100 ನಿಯಮದ ಜಾಡಿನಲ್ಲಿ. ಆ ಮೂಲ ನಿಯಮ ಓದಿದರೆ ಬಿರುಕು ಎಲ್ಲಿದೆ ಎಂದು ಕಾಣುತ್ತದೆ. ಡಿಕ್ಕಿಯಲ್ಲಾಗುವ ಕುಲುಕಾಟವನ್ನು ಅನುಕರಿಸಲು ಕಾರಿನ ಬ್ಯಾಟರಿಗೆ ಗುರುತ್ವದ 20ರಿಂದ 28 ಪಟ್ಟು ಆಘಾತ ಕೊಡಬೇಕು ಎನ್ನುತ್ತದೆ ಅದು. 12 ಟನ್ ಮೀರಿದ ಭಾರಿ ಲಾರಿಯ ಬ್ಯಾಟರಿಗೆ 6.6ರಿಂದ 12 ಪಟ್ಟು ಸಾಕು. ಕಾರು ಮತ್ತು ಸಣ್ಣ ಸರಕು ವಾಹನಗಳ ಬ್ಯಾಟರಿಯನ್ನು 100 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತು ಟನ್ ಭಾರದ ಬಲದಿಂದ ಅದುಮಿ ನೋಡಬೇಕು. ಭಾರಿ ಲಾರಿಯ ಬ್ಯಾಟರಿಗೆ ಈ ಅದುಮುವ ಪರೀಕ್ಷೆಯೇ ಅನ್ವಯಿಸುವುದಿಲ್ಲ.

ಇದಕ್ಕೊಂದು ತರ್ಕವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 40 ಟನ್ ಲಾರಿಗೆ ಕಾರು ಗುದ್ದಿದರೆ ಕಾರು ತಟ್ಟನೆ ನಿಲ್ಲುತ್ತದೆ, ಲಾರಿ ಅಷ್ಟಾಗಿ ಅಲುಗುವುದಿಲ್ಲ. ಹಾಗಾಗಿ ಲಾರಿಯ ಬ್ಯಾಟರಿಗೆ ತಟ್ಟುವ ಆಘಾತ ಕಡಿಮೆ ಎಂಬ ಲೆಕ್ಕ ಭೌತಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಆದರೆ ಬ್ಯಾಟರಿಗೆ ಅಪಾಯ ಬರುವುದು ಇಡೀ ಲಾರಿ ಎಷ್ಟು ಅಲುಗಿತು ಎಂಬುದರಿಂದಷ್ಟೇ ಅಲ್ಲ, ಬಿದ್ದ ಜಾಗದಲ್ಲಿ ಗುದ್ದು ಎಷ್ಟು ಒಳಹೊಕ್ಕಿತು ಎಂಬುದರಿಂದಲೂ. ಲಾರಿಯ ಪಕ್ಕದಲ್ಲಿ ನಿಂತು ಕ್ಯಾಬಿನ್‌ನಿಂದ ಹಿಂದಿನ ಚಕ್ರದವರೆಗೆ ಕಣ್ಣಾಡಿಸಿ. ಚಾಸಿಯ ಉದ್ದುದ್ದದ ಎರಡು ತೊಲೆಗಳ ಹೊರಗೆ, ಸೊಂಟದಿಂದ ಕೆಳಗಿನ ಎತ್ತರದಲ್ಲಿ ಡೀಸೆಲ್ ಟ್ಯಾಂಕು, ಗಾಳಿಯ ಸಿಲಿಂಡರು, ಸ್ಟೆಪ್ನಿ ನೇತಾಡುತ್ತಿರುತ್ತವೆ. ಅನೇಕ ವಿದ್ಯುತ್ ಲಾರಿಗಳಲ್ಲಿ ಬ್ಯಾಟರಿ ಪೆಟ್ಟಿಗೆಗಳು ಕುಳಿತಿರುವುದು ಇದೇ ಜಾಗದಲ್ಲಿ. ಪಕ್ಕದಿಂದ ನುಗ್ಗುವ ಕಾರಿನ ಮೂತಿ, ರಸ್ತೆ ವಿಭಜಕದ ಕಾಂಕ್ರೀಟಿನ ಅಂಚು, ಮಗುಚಿದಾಗ ನೆಲ, ಎಲ್ಲವೂ ಮೊದಲು ತಾಗುವುದು ಅಲ್ಲಿಗೇ. ಅಲ್ಲಿ ಕಂಬಿಯಂತೆ ಕಟ್ಟುವ ಪಕ್ಕದ ತಡೆಯನ್ನು ರೂಪಿಸಿದ್ದು ಸೈಕಲ್, ಬೈಕಿನವರು ಚಕ್ರದಡಿ ಸಿಲುಕದಿರಲಿ ಎಂದು. ಹಿಂದೆ ನೂರಾರು ಕಿಲೋ ಬ್ಯಾಟರಿ ಇದೆಯೆಂದು ಅದನ್ನು ಕಟ್ಟಿದ್ದಲ್ಲ.

ಗುದ್ದು ಒಳಹೊಕ್ಕರೆ ನಡೆಯುವುದಿಷ್ಟು. ಲಿಥಿಯಂ ಸೆಲ್‌ನೊಳಗೆ ಎರಡು ಧ್ರುವಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿರುತ್ತದೆ. ಅದು ಹರಿದರೆ ಅಥವಾ ಕರಗಿದರೆ ಧ್ರುವಗಳು ಒಂದನ್ನೊಂದು ಮುಟ್ಟುತ್ತವೆ. ಆಗ ಹುಟ್ಟುವ ಶಾಖಕ್ಕೆ ಒಳಗಿನ ರಾಸಾಯನಿಕಗಳು ಒಡೆದು ಇನ್ನಷ್ಟು ಶಾಖ ಹೊಮ್ಮಿಸುತ್ತವೆ. ಒಂದು ಹಂತ ದಾಟಿದ ಮೇಲೆ ಹೊರಗಿನಿಂದ ಗಾಳಿ ಬೇಕಿಲ್ಲ, ಕಿಡಿಯೂ ಬೇಕಿಲ್ಲ. ಸೆಲ್ ತಾನೇ ತನ್ನನ್ನು ಕಾಯಿಸಿಕೊಳ್ಳುತ್ತಾ ಪಕ್ಕದ ಸೆಲ್ಲಿಗೂ ಶಾಖ ದಾಟಿಸುತ್ತದೆ. ಇದನ್ನೇ ಥರ್ಮಲ್ ರನ್‌ಅವೇ ಎನ್ನುತ್ತಾರೆ. ಬೆಂಕಿ ಕಾಣುವ ಮೊದಲೇ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಸೇರಿದ ಅನಿಲ ಬುಸುಗುಟ್ಟಿಕೊಂಡು ಹೊರಬರುತ್ತದೆ. ಆರಿತೆಂದು ಬಿಟ್ಟ ಬ್ಯಾಟರಿ ಗಂಟೆಗಳ, ಕೆಲವೊಮ್ಮೆ ದಿನಗಳ ಬಳಿಕ ಮತ್ತೆ ಹೊತ್ತಿಕೊಂಡದ್ದೂ ಉಂಟು.

ಇಲ್ಲಿ ಡೀಸೆಲ್‌ಗೆ ಅನ್ಯಾಯವಾಗಬಾರದು, ಬ್ಯಾಟರಿಗೂ ಆಗಬಾರದು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಕಿಲೋವಾಟ್ ಗಂಟೆಯಷ್ಟು ಶಕ್ತಿಯಿದೆ. ಹಾಗಾದರೆ 300 ಕಿಲೋವಾಟ್ ಗಂಟೆಯ ಲಾರಿ ಬ್ಯಾಟರಿಯಲ್ಲಿ ತುಂಬಿಟ್ಟ ವಿದ್ಯುತ್ತು 30 ಲೀಟರ್ ಡೀಸೆಲ್‌ಗೆ ಸಮ. ನೂರಾರು ಲೀಟರ್ ಹೊತ್ತು ಓಡುವ ಇಂದಿನ ಲಾರಿ ಅದಕ್ಕಿಂತ ಎಷ್ಟೋ ಹೆಚ್ಚು ಶಕ್ತಿಯನ್ನು ಹೊತ್ತಿದೆ. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಯ ಕಟ್ಟೆಗೆ ಉಜ್ಜಿ, ಡೀಸೆಲ್ ಟ್ಯಾಂಕು ಒಡೆದು, 45 ಮಂದಿ ಸುಟ್ಟುಹೋದರು. ಆ ಬಸ್ಸಿನಲ್ಲಿದ್ದದ್ದು ಲಿಥಿಯಂ ಅಲ್ಲ. ಪಾಲೆಂ ಕಲಿಸುವ ಪಾಠ ಯಾವ ಇಂಧನ ಕೆಟ್ಟದ್ದು ಎಂಬುದಲ್ಲ. ಶಕ್ತಿ ತುಂಬಿಟ್ಟ ಪಾತ್ರೆ ವಾಹನದ ಯಾವ ಮೂಲೆಯಲ್ಲಿದೆ, ಅದಕ್ಕೆ ಎಂಥ ರಕ್ಷಣೆಯಿದೆ, ಒಳಗಿದ್ದವರು ಹೊರಬರಲು ಎಷ್ಟು ಹೊತ್ತು ಸಿಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಅದು ಉಳಿಸಿಹೋಯಿತು. ವಿದ್ಯುತ್ ಲಾರಿಗೂ ಕೇಳಬೇಕಾದವು ಇವೇ.

ಮೂರನೆಯ ಪ್ರಶ್ನೆಗೆ ನಿಯಮ ಕೊಡುವ ಉತ್ತರ ಐದು ನಿಮಿಷ. ಒಂದು ಸೆಲ್ ಕೆಟ್ಟು ಬೆಂಕಿ ಹರಡುವ ಸೂಚನೆ ಸಿಕ್ಕರೆ, ಕ್ಯಾಬಿನ್ನಿಗೆ ಅಪಾಯ ತಲುಪುವ ಐದು ನಿಮಿಷ ಮೊದಲು ಎಚ್ಚರಿಕೆಯ ಗಂಟೆ ಮೊಳಗಬೇಕು. ಓಡುತ್ತಿರುವ ಲಾರಿಯನ್ನು ಬದಿಗೆ ಹಾಕಿ ಇಳಿಯಲು ಅಷ್ಟು ಸಮಯ ಧಾರಾಳವಾಯಿತು. ಆದರೆ ಡಿಕ್ಕಿಯಾಗಿ ಡ್ಯಾಶ್‌ಬೋರ್ಡ್ ಒಳಬಂದು, ಸ್ಟೇರಿಂಗ್ ಕೆಳಗೆ ಕಾಲು ಸಿಕ್ಕಿಕೊಂಡಿರುವ ಡ್ರೈವರ್‌ನ ಪಾಲಿಗೆ ಆ ಐದು ನಿಮಿಷ ಏನು? ಬಾಗಿಲು ತೆರೆಯುತ್ತದೆ ಎಂದು ಬ್ಯಾಟರಿ ಪರೀಕ್ಷೆ ನಂಬಿ ಕೂತಿದೆ. ಬೆಂಕಿ ಹತ್ತುವುದಿಲ್ಲ ಎಂದು ಕ್ಯಾಬಿನ್ ಪರೀಕ್ಷೆ ನಂಬಿ ಕೂತಿದೆ. ರಸ್ತೆಯ ಮೇಲೆ ಎರಡೂ ನಂಬಿಕೆಗಳು ಒಂದೇ ಕ್ಷಣದಲ್ಲಿ ಮುರಿಯಬಹುದು. ಇಡೀ ಲಾರಿಯನ್ನು ಗುದ್ದಿಸಿ ನೋಡದೆ ಈ ಜೋಡಿ ಸಂಭವವನ್ನು ಅರಿಯುವ ದಾರಿಯಿಲ್ಲ. ನನ್ನ ವಾದದ ತಿರುಳು ಇದೇ.

ನಮ್ಮ ರಸ್ತೆಯ ಡಿಕ್ಕಿಗಳು ಪುಸ್ತಕದ ಲೆಕ್ಕಕ್ಕೆ ಸಿಗುವಂಥವಲ್ಲ. 2024ರ ಡಿಸೆಂಬರ್ 21ರಂದು ನೆಲಮಂಗಲ ತಾಲ್ಲೂಕಿನಲ್ಲಿ, ಇದೇ ತುಮಕೂರು ರಸ್ತೆಯಲ್ಲಿ, ಕಂಟೇನರ್ ಲಾರಿಯೊಂದು ವಿಭಜಕ ಹಾರಿ ಕಾರಿನ ಮೇಲೆ ಮಗುಚಿತು. ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದ ಮಾದರಿಯ ಕಾರು ಅದು. ಒಳಗಿದ್ದ ಒಂದೇ ಕುಟುಂಬದ ಆರೂ ಜನ ಉಳಿಯಲಿಲ್ಲ. ಕಾರಿಗೆ ಎಷ್ಟೇ ನಕ್ಷತ್ರಗಳಿದ್ದರೂ ಪಕ್ಕದಲ್ಲಿ ಓಡುವ ಲಾರಿ ಪರೀಕ್ಷೆಯಿಂದ ಹೊರಗಿದ್ದರೆ ರಸ್ತೆ ಸುರಕ್ಷಿತವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಂಥ ಲಾರಿ ಬದಿಯಲ್ಲಿ ಬ್ಯಾಟರಿ ಹೊತ್ತು ಮಗುಚಿದರೆ ಸುತ್ತ ಸೇರುವ ಜನ, ನೆರವಿಗೆ ಧಾವಿಸುವ ಬೈಕಿನವರು, ಕ್ರೇನ್‌ನವರು ಎಲ್ಲರಿಗೂ ಅದು ಹೊಸ ಬಗೆಯ ಅಪಾಯ.

ಇಂಥದ್ದೊಂದು ನಡೆದಾಗ ಏನೇನು ಬೇಕಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. 2024ರ ಆಗಸ್ಟ್ 19ರಂದು ಕ್ಯಾಲಿಫೋರ್ನಿಯಾದ ಎಮಿಗ್ರಂಟ್ ಗ್ಯಾಪ್ ಬಳಿ ಟೆಸ್ಲಾ ಸೆಮಿ ಲಾರಿಯೊಂದು ಹೆದ್ದಾರಿ ಬಿಟ್ಟು ಮರಕ್ಕೆ ಗುದ್ದಿ ಹೊತ್ತಿ ಉರಿಯಿತು. ಅದನ್ನು ತಣಿಸಲು ಅಗ್ನಿಶಾಮಕ ದಳ ಬಳಸಿದ ನೀರು 50 ಸಾವಿರ ಗ್ಯಾಲನ್, ಅಂದರೆ ಸುಮಾರು 1.9 ಲಕ್ಷ ಲೀಟರ್. ಸುತ್ತಲ ಕಾಡಿಗೆ ಬೆಂಕಿ ಹಬ್ಬದಂತೆ ವಿಮಾನದಿಂದ ಅಗ್ನಿರೋಧಕ ಸುರಿದರು. ಹೆದ್ದಾರಿ ಹಗಲೆಲ್ಲ ಬಂದ್ ಆಗಿತ್ತು. ಇದನ್ನು ಹೆಬ್ಬಾಳ ಮೇಲ್ಸೇತುವೆಗೆ ತಂದು ಯೋಚಿಸಿ. ಒಂದು ಅಗ್ನಿಶಾಮಕ ವಾಹನ 4,500 ಲೀಟರ್ ಹೊರುತ್ತದೆ ಎಂದುಕೊಂಡರೂ 42 ವಾಹನಗಳ ನೀರು ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಪರದಾಡಿದ ಊರು ಇದು. ಅಷ್ಟು ನೀರು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಬ್ಯಾಟರಿ ತೊಳೆದ ಆ ನೀರು ಫ್ಲೋರೈಡ್, ಲೋಹದ ಕಣಗಳನ್ನು ಹೊತ್ತು ರಸ್ತೆ ಬದಿಯ ಚರಂಡಿಗೆ, ರಾಜಕಾಲುವೆಗೆ, ಕೊನೆಗೆ ಪಕ್ಕದ ಕೆರೆಗೆ ಇಳಿಯುತ್ತದೆ. ಇನ್ನು ಸುಟ್ಟ ಲಾರಿಯನ್ನು ಎಲ್ಲಿಡುವುದು? ಮತ್ತೆ ಹೊತ್ತಿಕೊಳ್ಳಬಹುದಾದ ವಾಹನವನ್ನು ಬೇರೆ ವಾಹನ, ಕಟ್ಟಡಗಳಿಂದ 50 ಅಡಿ ದೂರವಿಡಬೇಕು ಎಂಬುದು ಅಮೆರಿಕದಲ್ಲಿ ರೂಢಿಯ ಸಲಹೆ. ನಮ್ಮಲ್ಲಿ ಅಪಘಾತದ ವಾಹನ ಹೋಗಿ ನಿಲ್ಲುವುದು ಠಾಣೆಯ ಮುಂದೆ, ಒಂದಕ್ಕೊಂದು ಅಂಟಿಕೊಂಡ ಜಪ್ತಿ ಗಾಡಿಗಳ ಸಾಲಿನಲ್ಲಿ.

ಎದುರಾಗುವ ಆಕ್ಷೇಪಗಳು ನನಗೆ ಗೊತ್ತು. ಭಾರತದ ಲಾರಿ, ಬಸ್ಸುಗಳಲ್ಲಿ ಹೆಚ್ಚಾಗಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇರುತ್ತದೆ, ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎನ್ನುತ್ತಾರೆ. ಮಾತು ನಿಜ. ನಿಕಲ್ ಬಳಸುವ ಬ್ಯಾಟರಿಗಿಂತ ಅದು ಹೆಚ್ಚು ಶಾಖ ತಾಳುತ್ತದೆ, ಕೆಟ್ಟಾಗ ಕಡಿಮೆ ಶಾಖ ಹೊಮ್ಮಿಸುತ್ತದೆ. ಆದರೆ ಕೆಟ್ಟಾಗ ಅದು ಬಿಡುವ ಅನಿಲದಲ್ಲಿ ಹೈಡ್ರೋಜನ್ ಪಾಲು ಹೆಚ್ಚು. ಗೋದಾಮಿನೊಳಗೆ, ನೆಲಮಾಳಿಗೆಯಲ್ಲಿ ಆ ಅನಿಲ ತುಂಬಿಕೊಂಡರೆ ಸ್ಫೋಟದ ಭಯವಿದೆ. ವಿದ್ಯುತ್ ವಾಹನ ಅಪರೂಪಕ್ಕೆ ಹೊತ್ತಿಕೊಳ್ಳುತ್ತದೆ ಎಂಬುದು ಇನ್ನೊಂದು ಮಾತು. ಅದನ್ನೂ ಒಪ್ಪುತ್ತೇನೆ. ಅಪರೂಪದ ಘಟನೆಯ ಬಗ್ಗೆ ಅನುಭವದಿಂದ ಕಲಿಯಲು ಅವಕಾಶ ಸಿಗುವುದಿಲ್ಲ, ಆದ್ದರಿಂದಲೇ ಅದನ್ನು ಪ್ರಯೋಗಶಾಲೆಯಲ್ಲಿ ಬೇಕೆಂದೇ ಉಂಟುಮಾಡಿ ಕಲಿಯಬೇಕು. ವಿಮಾನಯಾನ ಸುರಕ್ಷಿತವಾದದ್ದು ಹೀಗೆಯೇ.

ಖರ್ಚಿನ ಮಾತು ಎಲ್ಲಕ್ಕಿಂತ ಜೋರಾಗಿ ಕೇಳಿಬರುತ್ತದೆ. ಕೋಟಿ ಬೆಲೆಯ ಲಾರಿಯನ್ನು ಹಾಳುಮಾಡುವುದೇ ಎಂದು ಕೇಳುತ್ತಾರೆ. 500 ಕೋಟಿಯಲ್ಲಿ ನೂರಕ್ಕೆ ಒಂದು ಪಾಲು 5 ಕೋಟಿ. ಸಾವಿರಾರು ಲಾರಿಗಳನ್ನು ಜನರ ಹಣದಿಂದ ರಸ್ತೆಗಿಳಿಸುವಾಗ ಅದರ ಶೇಕಡ ಒಂದೆರಡನ್ನು ಅವು ಗುದ್ದಿದರೆ ಏನಾಗುತ್ತದೆಂದು ತಿಳಿಯಲು ಖರ್ಚು ಮಾಡುವುದು ದುಂದುಗಾರಿಕೆಯಲ್ಲ. ಅದೂ ಅಲ್ಲದೆ ಮೊದಲ ಪರೀಕ್ಷೆಗೆ 40 ಟನ್ ಲಾರಿಯನ್ನು ವೇಗವಾಗಿ ಓಡಿಸಬೇಕಾದ ಅಗತ್ಯವೇ ಇಲ್ಲ. ಲಾರಿ ನಿಂತಿರಲಿ. ಕಾರುಗಳ ಪಕ್ಕಕ್ಕೆ ಗುದ್ದಿಸಲು ಬಳಸುವ ಅದೇ ಬಗೆಯ ಟ್ರಾಲಿಯನ್ನು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ಯಾಟರಿ ಇರುವ ಬದಿಗೆ ನುಗ್ಗಿಸಿ, ಒಂದು ಗಂಟೆ ಕಾದು, ಹೊಗೆ, ಶಾಖ, ವಿದ್ಯುತ್ ಸೋರಿಕೆ ಅಳೆಯಿರಿ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್, ಚೆನ್ನೈ ಬಳಿಯ ಒರಗಡಂನಲ್ಲಿರುವ ಕೇಂದ್ರ, ಇವಕ್ಕೆಲ್ಲ ಡಿಕ್ಕಿ ಪರೀಕ್ಷೆಯ ಅನುಭವವಿದೆ. ಮಗುಚುವಿಕೆ ಮತ್ತು ತಳಕ್ಕೆ ಬೀಳುವ ಹೊಡೆತ ಎರಡನೆಯ ಹಂತಕ್ಕಿರಲಿ.

ಬೇರೆಡೆ ಜನ ಮುಂದೆ ಹೋಗಿದ್ದಾರೆ. ನಮ್ಮ ಹೊಸಕೋಟೆಯಲ್ಲಿ ಲಾರಿ ಕಾರ್ಖಾನೆಯಿರುವ ವೋಲ್ವೊ 1969ರಿಂದ ಸ್ವೀಡನ್ನಿನಲ್ಲಿ ಅಪಘಾತ ಅಧ್ಯಯನಕ್ಕೆಂದೇ ತಂಡ ಇಟ್ಟುಕೊಂಡಿದೆ. ಯುರೋ ಎನ್‌ಕ್ಯಾಪ್ 2024ರಲ್ಲಿ ಲಾರಿಗಳಿಗೂ ನಕ್ಷತ್ರ ಕೊಡಲು ಶುರುಮಾಡಿತು. ಚೀನಾ 2025ರಲ್ಲಿ ಪ್ರಕಟಿಸಿದ ಹೊಸ ಬ್ಯಾಟರಿ ನಿಯಮದಲ್ಲಿ ಐದು ನಿಮಿಷದ ಎಚ್ಚರಿಕೆಯಷ್ಟೇ ಸಾಲದು, ಬೆಂಕಿ ಹತ್ತಲೂ ಬಾರದು, ಸಿಡಿಯಲೂ ಬಾರದು ಎಂದಿದೆ. 2026ರ ಜುಲೈ 1 ಅದು ಜಾರಿಗೆ ಬರುವ ದಿನ. ನಮ್ಮಲ್ಲೂ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಲಾರಿಗಳಿಗೆ ಭಾರತ್ ಎನ್‌ಕ್ಯಾಪ್ ಮಾದರಿಯ ಮೌಲ್ಯಮಾಪನ ತರುವ ಮಾತನ್ನು 2025ರಲ್ಲಿ ಆಡಿದ್ದಾರೆ. ಆ ಮಾತು ನಿಯಮವಾಗುವಾಗ ಬ್ಯಾಟರಿಯ ಬದಿಗೆ ಬೀಳುವ ಗುದ್ದು ಅದರೊಳಗೆ ಇರಬೇಕು.

ಪರೀಕ್ಷೆಯ ಫಲಿತಾಂಶ ಯಾರ ಕೈ ಸೇರುತ್ತದೆ ಎಂಬುದೂ ಪರೀಕ್ಷೆಯಷ್ಟೇ ಮುಖ್ಯ. 2024ರ ನವೆಂಬರ್ 19ರಂದು ಯಶವಂತಪುರಕ್ಕೆ ಅನತಿ ದೂರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆ ಹೊತ್ತಿ ಉರಿದು, ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಹೆಣ್ಣುಮಗಳು ಪ್ರಾಣ ಬಿಟ್ಟಳು. ಇಂಥ ದುರಂತಗಳ ಬಳಿಕ ನಮ್ಮಲ್ಲಿ ಎಫ್‌ಐಆರ್ ಆಗುತ್ತದೆ, ಬಂಧನವಾಗುತ್ತದೆ. ತಾಂತ್ರಿಕ ಕಾರಣವನ್ನು ಸ್ವತಂತ್ರ ಸಂಸ್ಥೆಯೊಂದು ಹುಡುಕಿ, ಎಲ್ಲರೂ ಓದುವಂತೆ ಪ್ರಕಟಿಸುವ ಪದ್ಧತಿ ಮಾತ್ರ ಇಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಆ ಸೆಮಿ ಲಾರಿಯ ಬಗ್ಗೆ ತನಿಖೆ ನಡೆಸಿ ವರದಿ ಪ್ರಕಟಿಸಿದ್ದರಿಂದಲೇ ಎಷ್ಟು ಲೀಟರ್ ನೀರು ಬೇಕಾಯಿತು ಎಂಬುದನ್ನು ನಾವು ಇಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದೇವೆ.

ಹಾಗಾದರೆ ಮಾಡಬೇಕಾದದ್ದೇನು? ಸಹಾಯಧನ ಪಡೆಯುವ ಪ್ರತಿ ಲಾರಿ ಮಾದರಿಯೂ ಬ್ಯಾಟರಿ ಸಹಿತ ಡಿಕ್ಕಿ ಪರೀಕ್ಷೆ ಮುಗಿಸಿರಬೇಕು, ಅದರ ಫಲಿತಾಂಶ ಸಾರ್ವಜನಿಕವಾಗಬೇಕು. ಎರಡನೆಯದಾಗಿ, ಬ್ಯಾಟರಿ ಎಲ್ಲಿದೆ, ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜ್ ಕೇಬಲ್ ಎಲ್ಲಿ ಹಾದಿದೆ, ವಿದ್ಯುತ್ ಸಂಪರ್ಕ ಕಡಿಯುವುದೆಲ್ಲಿ ಎಂದು ತೋರಿಸುವ ಒಂದು ಪುಟದ ನಕ್ಷೆಯನ್ನು ಪ್ರತಿ ಮಾದರಿಗೂ ಕನ್ನಡದಲ್ಲಿ ಮಾಡಿಸಿ ಅಗ್ನಿಶಾಮಕ ಠಾಣೆಗಳಿಗೆ ಕೊಡಬೇಕು. ಹೊಗೆಯೊಳಗೆ ಹಸಿರು ನಂಬರ್ ಪ್ಲೇಟು ಕಾಣುವುದಿಲ್ಲ. ಮೂರನೆಯದು ರಾಜ್ಯದ ಕೆಲಸ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ಕರ್ನಾಟಕ, ಸುಟ್ಟ ಬ್ಯಾಟರಿ ವಾಹನಗಳನ್ನು ಪ್ರತ್ಯೇಕವಾಗಿಡಲು ತುಮಕೂರು ರಸ್ತೆ, ಬಳ್ಳಾರಿ ರಸ್ತೆಗಳ ಬದಿಯಲ್ಲಿ ಒಂದೊಂದು ಬಯಲು ಗುರುತಿಸಬೇಕು. ಅಗ್ನಿಶಾಮಕ ಸಿಬ್ಬಂದಿಗೆ ಥರ್ಮಲ್ ಕ್ಯಾಮೆರಾ, ಉಸಿರಾಟದ ಉಪಕರಣ, ತರಬೇತಿ ಕೊಡಬೇಕು.

ಇದಕ್ಕೆ ಬೇಕಾದ ಬುದ್ಧಿ ಬೆಂಗಳೂರಿನ ಇದೇ ಉತ್ತರ ಭಾಗದಲ್ಲಿದೆ. ಯಶವಂತಪುರದ ಮಗ್ಗುಲಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಸರ್ ಸಿ.ವಿ. ರಾಮನ್ ರಸ್ತೆಯಲ್ಲಿ 1960ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇವೆ. ಸೆಲ್ ಹೇಗೆ ಕೆಡುತ್ತದೆ, ಯಾವ ಅನಿಲ ಬಿಡುತ್ತದೆ, ಎಷ್ಟು ನೀರಿಗೆ ತಣಿಯುತ್ತದೆ ಎಂದು ಅಳೆದು ಹೇಳುವ ಸಾಮರ್ಥ್ಯ ಈ ಪರಿಸರದಲ್ಲಿದೆ. ಆ ಪ್ರಶ್ನೆಗಳನ್ನು ಅವರ ಮುಂದಿಟ್ಟು ಹಣ ಒದಗಿಸುವ ಕೆಲಸ ಸರ್ಕಾರದ್ದು.

ವಿದ್ಯುತ್ ಲಾರಿ ಬಂದೇ ಬರುತ್ತದೆ. ಅದರ ಮೊದಲ ದೊಡ್ಡ ಡಿಕ್ಕಿಯೂ ಎಂದೋ ಒಂದು ದಿನ ನಡೆಯುತ್ತದೆ. ಅದು ಪ್ರಯೋಗಶಾಲೆಯ ಗೋಡೆಗಳ ನಡುವೆ, ಕ್ಯಾಮೆರಾಗಳ ಮುಂದೆ ನಡೆಯಬೇಕೋ ಅಥವಾ ಗೊರಗುಂಟೆಪಾಳ್ಯದಲ್ಲಿ ನೂರಾರು ಜನರ ನಡುವೆ ನಡೆಯಬೇಕೋ ಎಂಬ ಆಯ್ಕೆ ಇವತ್ತು ನಮ್ಮ ಕೈಯಲ್ಲಿದೆ. ಸಹಾಯಧನದ ಆದೇಶಕ್ಕೆ ಒಂದು ಸಾಲು ಸೇರಿಸಿದರೆ ಆ ಆಯ್ಕೆ ಮಾಡಿದಂತಾಗುತ್ತದೆ. ಆ ಸಾಲು ಬರೆಯುವ ಅಧಿಕಾರವಿರುವವರು ನಮ್ಮ ನಾಡಿನವರೇ ಆಗಿರುವಾಗ, ಅದನ್ನು ಕೇಳುವುದು ಈ ಊರಿನವರ ಹಕ್ಕು.